ಎಮ್ಮೆ ಒದ್ದ ಹಾಲು

ಎಮ್ಮೆ ಒದೆಯಿತು ಎಂದು ಗುರುಸಿದ್ದಪ್ಪ ಆ ವಾರದಲ್ಲಿ ಮೂರನೆಯ ಸಲ ಸುಳ್ಳು ಹೇಳಿದ. ಹೇಳಿದ ಮೇಲೆ ಸುಳ್ಳಿಗೆ ಸ್ವಲ್ಪ ಮೈಕೈ ತುಂಬಲಿ ಎಂದು ಎಡಮೊಣಕಾಲನ್ನು ನೀವಿಕೊಂಡ. ನೀವಿಕೊಳ್ಳುತ್ತಿರುವಾಗಲೇ ಮೊನ್ನೆ ನೀವಿಕೊಂಡದ್ದು ಬಲಮೊಣಕಾಲು ಎಂಬುದು ನೆನಪಾಗಿ, ಕೈಯನ್ನು ಈಗ ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ, ಕೊನೆಗೆ ಮೂಗು ತುರಿಸಿಕೊಂಡ. ಹಾಲುಮನೆಯ ಹೊಸಿಲಿನ ಆಚೆ ಹೆಂಡತಿ ಲಿಂಗಿ ಕಂಚಿನ ಬೋಗುಣಿ ಹಿಡಿದು ನಿಂತಿದ್ದಳು. ಅವಳು ಅವನ ಮೊಣಕಾಲನ್ನು ನೋಡಿದಳು, ಬೋಗುಣಿಯಲ್ಲಿ ಅರ್ಧಕ್ಕೂ ಬಾರದ ಹಾಲನ್ನು ನೋಡಿದಳು, ಆಮೇಲೆ ಅವನ ಹೆಗಲಿನ ಮೇಲಿನಿಂದ ಒಳಗಿನ ಕತ್ತಲನ್ನು ಒಂದು ಗಳಿಗೆ ನೋಡಿ, ಪಾಪ, ಅದಕ್ಕೂ ವಯಸ್ಸಾಯಿತು ಎಂದು ಹೇಳಿ ಹೊರಟುಹೋದಳು. ಆ ಪಾಪ ಎನ್ನುವ ಮಾತು ಎಮ್ಮೆಗೆ ಸಂದದ್ದೋ ತನಗೆ ಸಂದದ್ದೋ ಅವನಿಗೆ ಬಗೆಹರಿಯಲಿಲ್ಲ. ಎಮ್ಮೆಯಂತೂ ನಿರಪರಾಧಿ. ಬೆನ್ನ ಮೇಲೆ ಕಾಗೆ ಕೂತು ಕಿವಿ ಕುಕ್ಕಿದರೂ ಕಣ್ಣು ಮುಚ್ಚಿ ಮೆಲುಕು ಹಾಕುವ ಜೀವ ಅದು. ಹುಟ್ಟಿದಂದಿನಿಂದ ಯಾರನ್ನೂ ಒದ್ದದ್ದಿಲ್ಲ. ಬಾಯಿಲ್ಲದ ಪ್ರಾಣಿಯ ಮೇಲೆ ಚಾಡಿ ಹೇಳಿದ ಪಾಪ ಯಾವ ನೀರಲ್ಲಿ ತೊಳೆದರೆ ಹೋದೀತು ಎಂದುಕೊಳ್ಳುತ್ತ ಅವನು ಹಾಲುಮನೆಯ ಬಾಗಿಲನ್ನು ಒಳಗಿನಿಂದ ಎಳೆದುಕೊಂಡ. ಎಳೆದುಕೊಂಡದ್ದೇ ತಡ, ಮೂಲೆಯ ಆಲೂಗಡ್ಡೆ ಬುಟ್ಟಿಯೊಳಗಿಂದ ನಾಲ್ಕು ನಾಯಿಮರಿಗಳು ಒಟ್ಟಿಗೆ ಕುಂಯ್ ಎಂದವು.

ಹಟ್ಟಿಯ ಎಲ್ಲ ಮನೆಗಳಲ್ಲೂ ಒಳಮನೆಯ ಮಗ್ಗುಲಿಗೆ ಇಂಥ ಹಾಲುಮನೆಯೊಂದಿತ್ತು. ಹಿರಿಯರು ಅದನ್ನು ಹಾಗೋಟು ಎನ್ನುತ್ತಿದ್ದರು. ಹೆಂಗಸರು ಅದರ ಹೊಸಿಲು ದಾಟುವಂತಿಲ್ಲ. ಕರೆಯುವುದು, ಹೆಪ್ಪು ಹಾಕುವುದು, ಕಡೆಯುವುದು, ಬೆಣ್ಣೆ ತೆಗೆಯುವುದು ಎಲ್ಲವೂ ಗಂಡಸಿನ ಕೈಯಲ್ಲೇ ಆಗಬೇಕು. ಹೆಂಗಸು ಆಚೆಯಿಂದ ಪಾತ್ರೆ ಹಿಡಿದರೆ ಗಂಡಸು ಈಚೆಯಿಂದ ಹೊಯ್ಯಬೇಕು. ಈ ಏರ್ಪಾಟಿನಲ್ಲಿ ಗುರುಸಿದ್ದಪ್ಪನಿಗೆ ಇಷ್ಟು ವರ್ಷ ಯಾವ ಕೊರತೆಯೂ ಕಂಡಿರಲಿಲ್ಲ. ಹೊಲದಲ್ಲಿ ಲಿಂಗಿಯ ಮಾತು, ಒಲೆಯ ಮುಂದೆ ಲಿಂಗಿಯ ಮಾತು, ಆಲೂಗಡ್ಡೆ ಯಾವಾಗ ಅಗೆಯಬೇಕು, ಮಗ ಸುಬ್ಬನನ್ನು ಕೂನೂರಿನ ಚಹಾ ಕಾರ್ಖಾನೆಗೆ ಕಳಿಸಬೇಕೋ ಬೇಡವೋ ಎಂಬುದೂ ಲಿಂಗಿಯದೇ ಮಾತು. ಆದರೆ ಗಡಿಗೆಗಳು ಸಾಲಾಗಿ ಕೂತ, ಹೊಗೆ ಹಿಡಿದ, ಕೈ ಚಾಚಿದರೆ ಎರಡೂ ಗೋಡೆಗೆ ತಾಗುವ ಈ ಕತ್ತಲು ಮಾತ್ರ ಅವನದು. ಇಲ್ಲಿ ಎಷ್ಟು ಹಾಲಿದೆ ಎಂದರೆ ಅವನು ಹೇಳಿದಷ್ಟು. ಯಾರೂ ಬಂದು ನೋಡಲಾಗದ ಜಾಗದಲ್ಲಿ ಮನುಷ್ಯ ಕಳ್ಳನಾಗುವುದಕ್ಕೆ ಹೆಚ್ಚು ಹೊತ್ತು ಬೇಡ ಎಂಬುದು ಅವನಿಗೆ ಈಗೀಗ ತಿಳಿಯುತ್ತಿತ್ತು. ಇನ್ನೊಂದೂ ತಿಳಿಯುತ್ತಿತ್ತು: ಹೆಂಗಸರು ಕಾಲಿಡಬಾರದ ಕೋಣೆಯಲ್ಲಿ ಬಾಣಂತನ ಬಂದು ಕೂತರೆ ಅದನ್ನು ಮಾಡಬೇಕಾದವನು, ಅಯ್ಯೋ ಶಿವನೇ, ಗಂಡಸೇ.

ಎಲ್ಲ ಶುರುವಾದದ್ದು ಸೊಸೆ ಕರಿಯಮ್ಮನಿಗೆ ಬೇನೆ ಬಂದ ದಿನ. ಹಿಮ ಬಿದ್ದು ಹೊಲವೆಲ್ಲ ಬೆಳ್ಳಗಾಗಿದ್ದ ಬೆಳಗು. ಜಗಲಿಯ ಪಕ್ಕದ ಕೋಣೆಯಲ್ಲಿ ಹೆಂಗಸರು ಸೇರಿ, ಅಲ್ಲಿದ್ದ ಚೀಲ, ಗುದ್ದಲಿ, ಗಂಡಸರು, ನಾಯಿ ಎಲ್ಲವನ್ನೂ ಒಂದೇ ಸಾಲಾಗಿ ಆಚೆ ನೂಕಿದರು. ಹಾಲು ಮುಟ್ಟುವ ಕೈ ಸೂತಕದ ಹತ್ತಿರ ಸುಳಿಯಬಾರದಾದ್ದರಿಂದ ಗುರುಸಿದ್ದಪ್ಪ ಹೊಲಕ್ಕೆ ಹೋಗಬೇಕಿತ್ತು. ಹೋಗದೆ, ಗಡಿಗೆ ನೋಡುವ ನೆಪ ಮಾಡಿಕೊಂಡು ಹಾಲುಮನೆಯಲ್ಲಿ ಕಿವಿಗೆ ಬೆರಳಿಟ್ಟುಕೊಂಡು ಕೂತ. ಎಮ್ಮೆ ದೊಡ್ಡಿಯ ಕಡೆಯ ಗಿಡ್ಡ ಬಾಗಿಲಿನಿಂದ ಕೆಂಚಿ ಒಳಗೆ ಬಂದದ್ದು ಆಗ. ತನ್ನ ಚೀಲದ ಹಾಸಿಗೆ ಕಳೆದುಕೊಂಡ ಕೆಂಚು ನಾಯಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಇಳಿಬಿದ್ದಿತ್ತು. ಹಾಲುಮನೆಗೆ ನಾಯಿ! ಒದೆಯಲೆಂದು ಅವನು ಕಾಲೆತ್ತಿದ. ಸರಿಯಾಗಿ ಆ ಹೊತ್ತಿಗೇ ಕರಿಯಮ್ಮ ಚೀರಿದಳು. ಎತ್ತಿದ ಕಾಲು ಅಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು. ಇಷ್ಟೇ ಅವನು ಮಾಡಿದ ತಪ್ಪು. ಇಷ್ಟೇ ಎಂದು ಅವನು ಆಮೇಲೆ ದಿನಾ ತನಗೆ ತಾನೇ ಹೇಳಿಕೊಂಡ.

ಎಮ್ಮೆ ಕರುಗಳನ್ನು ಹಗ್ಗ ಕಟ್ಟಿ ಎಳೆದು ಹುಟ್ಟಿಸಿದ ಕೈ ಅವನದು; ಹೆರಿಗೆಗೆ ಹೆದರುವವನಲ್ಲ. ಆದರೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದೊಂದು ಜೀವ ಒದ್ದೆಯಾಗಿ, ಕುರುಡಾಗಿ, ತನ್ನ ಹೆಬ್ಬೆರಳನ್ನೇ ತಾಯಿಯೆಂದು ತಿಳಿದು ಚೀಪಿದ್ದು ಅದುವರೆಗೆ ಆಗಿರಲಿಲ್ಲ. ಮೂರು ಬಂದವು. ಮಾಸನ್ನು ಕೆಂಚಿ ತಿಂದು ನುಂಗಿದ್ದನ್ನು ನೋಡಿ, ಹುಟ್ಟಿನಿಂದ ಸೊಪ್ಪುಕಾಳು ಬಿಟ್ಟು ಬೇರೆ ತಿನ್ನದ ಲಿಂಗವಂತ ಗುರುಸಿದ್ದಪ್ಪ ಗೋಡೆಯ ಕಡೆ ತಿರುಗಿ ಶಿವ ಶಿವ ಎಂದ. ನಾಲ್ಕನೆಯದು ಬಂದಾಗ ಅದು ಅಲುಗಲಿಲ್ಲ. ಕೆಂಚಿ ಒಮ್ಮೆ ಮೂಸಿ ಬಿಟ್ಟುಬಿಟ್ಟಿತು. ಅವನು ಕೈಗೆ ಸಿಕ್ಕಿದ ಬಟ್ಟೆ ಎಳೆದುಕೊಂಡು ಅದನ್ನು ಉಜ್ಜಿದ, ಬಾಯೊಳಗೆ ಊದಿದ, ಮತ್ತೆ ಉಜ್ಜಿದ. ಉಜ್ಜುತ್ತಿರುವುದು ಹಾಲು ಸೋಸುವ ಬಟ್ಟೆ ಎಂದು ಕಂಡದ್ದು ಮರಿ ಕುಂಯ್ ಎಂದ ಮೇಲೆ. ಅದೇ ಹೊತ್ತಿಗೆ ಆಚೆಯಿಂದ ಕೂಸಿನ ಅಳು ಕೇಳಿತು. ಯಾವುದು ಮೊದಲು, ಯಾವುದು ಆಮೇಲೆ, ಹೇಳುವುದು ಸಾಧ್ಯವಿರಲಿಲ್ಲ. ಹೆಂಗಸರು ಗಂಡು ಗಂಡು ಎಂದು ಕೂಗಿದರು. ಅವನು ನಗುತ್ತ, ಒದ್ದೆ ಕೈಯಲ್ಲಿ, ಬಾಗಿಲ ತನಕ ಓಡಿದ. ಲಿಂಗಿ ದೂರದಿಂದಲೇ ಕೈಯಾಡಿಸಿ, ಹತ್ತಿರ ಬರಬೇಡಿ, ಹೋಗಿ ಹಾಲು ನೋಡಿಕೊಳ್ಳಿ ಎಂದಳು.

ಸಂಜೆಗೆ ನಾಯಿಯನ್ನು ಆಲೂಗಡ್ಡೆ ಕೊಟ್ಟಿಗೆಗೆ ಸಾಗಿಸುವುದೆಂದು ಎಣಿಸಿದ್ದ. ಸಂಜೆ ಹಿಮಗಾಳಿ ಬೀಸಿತು. ನಾಳೆ ಎಂದುಕೊಂಡ. ನಾಳೆಗೆ ಒಂದು ನಾಳೆ ಹುಟ್ಟಿತು. ಅಷ್ಟು ಹೊತ್ತಿಗೆ ತಾನು ಮಾಡಿದ್ದು ಏನೆಂಬುದು ಪೂರ್ತಿ ತಲೆಗಿಳಿದಿತ್ತು. ಹಾಲುಮನೆಯಲ್ಲಿ ನಾಯಿ ಹೆತ್ತಿತೆಂದು ತಿಳಿದರೆ ಗಡಿಗೆಗಳನ್ನೆಲ್ಲ ಒಡೆಯಬೇಕು, ಹಾಲು ಕರೆಯುವ ಅಪ್ಪನ ಕಾಲದ ಬಿದಿರಿನ ಕೊಳವೆಯನ್ನು, ಆ ಹೊಣೆಯನ್ನು, ಸುಡಬೇಕು, ಮನೆತನದ ಹಾಲು ಪಕ್ಕದ ಮನೆಯ ಅಣ್ಣ ಬೋಜಪ್ಪನ ಪಾಲಾಗಬೇಕು. ಅದೂ ಹೋಗಲಿ. ಕೂಸಿಗೆ ಹೆಸರಿಡುವ ದಿನ ಹಾಲುಮನೆಯ ಯಜಮಾನ ಹಾಲಲ್ಲಿ ಬೆರಳದ್ದಿ, ಕೂಸಿನ ತುಟಿಗೆ ಮುಟ್ಟಿಸಿ, ಹೆಸರನ್ನು ಮೂರು ಸಲ ಗಟ್ಟಿಯಾಗಿ ಕೂಗಬೇಕು. ಹಾಲು ಬೋಜಪ್ಪನದಾದರೆ ಕೂಗುವುದೂ ಬೋಜಪ್ಪನೇ. ಆ ಬಾಯಿಂದ ಯಾವ ಹೆಸರು ಬಂದೀತೋ ಬಲ್ಲವರು ಯಾರು? ಒಂದು ಸಲ ಬಂದದ್ದು ಈಗಲೂ ಕೂನೂರಿನಲ್ಲಿ ಚಹಾ ಎಲೆ ತೂಗುತ್ತಿದೆ.

ಅದು ಸುಬ್ಬನಿಗೆ ಹೆಸರಿಟ್ಟ ದಿನದ ಮಾತು. ತೀರಿಹೋದ ಅಪ್ಪ ಮಾದಪ್ಪನ ಹೆಸರಿಡುವುದೆಂದು ಗುರುಸಿದ್ದಪ್ಪ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ. ಹಟ್ಟಿಯೆಲ್ಲ ಕೂತಿತ್ತು. ಬೆರಳನ್ನು ಹಾಲಿಗೆ ಅದ್ದಿದ, ತುಟಿಗೆ ಇಟ್ಟ, ಬಾಯಿ ತೆರೆದ, ಸ್ವರ ಬರಲಿಲ್ಲ. ಅಷ್ಟು ಮುಖಗಳು ಒಟ್ಟಿಗೆ ತನ್ನ ಬಾಯೊಳಗೆ ನೋಡುತ್ತಿರುವಂತೆ ಅನಿಸಿ ಗಂಟಲು ಕಟ್ಟಿಹೋಯಿತು. ಯಾರೋ ಕೆಮ್ಮಿದರು. ಒಬ್ಬ ಹೆಂಗಸು ನಕ್ಕಳು. ಆ ನಗು ಇಪ್ಪತ್ತೈದು ವರ್ಷವಾದರೂ ಅವನ ಕಿವಿ ಬಿಟ್ಟು ಹೋಗಿರಲಿಲ್ಲ. ಆಗ ಬೋಜಪ್ಪ, ತಮ್ಮನ ಮಾನ ಉಳಿಸುವವನಂತೆ ಮುಂದೆ ಬಂದು, ಸುಬ್ಬ, ಸುಬ್ಬ, ಸುಬ್ಬ ಎಂದು ಕೂಗಿ ಕೈ ತೊಳೆದುಕೊಂಡ. ಅಪ್ಪನಲ್ಲ, ಅಜ್ಜನಲ್ಲ, ಕುಲದಲ್ಲಿ ಏಳು ತಲೆಮಾರು ಹಿಂದಕ್ಕೆ ಹೋದರೂ ಸಿಗದ ಹೆಸರು. ಆ ವರ್ಷ ಬೋಜಪ್ಪನ ಆಲೂಗಡ್ಡೆ ಕೊಂಡುಕೊಳ್ಳುತ್ತಿದ್ದ ಕೊಯಮತ್ತೂರಿನ ವ್ಯಾಪಾರಿಯ ಹೆಸರು ಅದು ಎಂದು ಆಮೇಲೆ ತಿಳಿಯಿತು. ಹೆಣ್ಣುಮಕ್ಕಳೇ ಇದ್ದ ಬೋಜಪ್ಪನಿಗೆ ಅಪ್ಪನ ಹೆಸರು ತಮ್ಮನ ಮನೆಯಲ್ಲಿ ಹುಟ್ಟುವುದು ಬೇಡವಾಗಿತ್ತೋ, ನಿಜವಾಗಿಯೂ ಬಾಯಿಗೆ ಬೇರೇನೂ ಬರಲಿಲ್ಲವೋ, ಕೇಳುವ ಧೈರ್ಯ ಇವನಿಗಾಗಲಿಲ್ಲ. ಈ ಸಲವಾದರೂ ಅಪ್ಪನ ಹೆಸರನ್ನು ತನ್ನ ಬಾಯಿಂದಲೇ ಕೂಗಬೇಕು. ಅದೊಂದು ಆಗಿಹೋದರೆ ಗಡಿಗೆ ಒಡೆಯಲಿ, ಆಕಾಶವೇ ಒಡೆಯಲಿ.

ಆದ್ದರಿಂದ ಹೆಸರಿಡುವ ತನಕ ನಾಯಿಮರಿಗಳ ಉಸಿರು ಆಚೆ ಹೋಗಬಾರದು. ಹೋಗಬಾರದೆಂದರೆ ಅವು ಅಳಬಾರದು. ಅಳಬಾರದೆಂದರೆ ಹೊಟ್ಟೆ ತುಂಬಿರಬೇಕು. ದೊಡ್ಡವು ಮೂರೂ ತಾಯಿಯ ಮೊಲೆಗೆ ಕಚ್ಚಿಕೊಂಡು ನಾಲ್ಕನೆಯದನ್ನು, ಆ ಉಜ್ಜಿ ಬದುಕಿಸಿದ ಬಡಕಲನ್ನು, ಕಾಲಲ್ಲಿ ಒದ್ದು ಆಚೆ ಹಾಕುತ್ತಿದ್ದವು. ಅದಕ್ಕಾಗಿ ಅವನು ಬಟ್ಟೆಯ ಬತ್ತಿ ಹೊಸೆದು ಬೆಚ್ಚಗಿನ ಹಾಲಲ್ಲಿ ಅದ್ದಿ ಚೀಪಿಸಿದ. ಕುಡಿದ ಮೇಲೆ ಹೊಟ್ಟೆ ಕಲ್ಲಾಗಿ ಮರಿ ಹೊರಳಾಡಿತು. ಸತ್ತೇಹೋಯಿತೆಂದು ಅವನು ಅತ್ತ. ಆಮೇಲೆ, ಕೆಂಚಿ ಮಿಕ್ಕವುಗಳ ಹೊಟ್ಟೆಯಡಿ ನೆಕ್ಕಿ ಉಚ್ಚೆ ಹುಯ್ಯಿಸುವುದನ್ನು ನೋಡಿ, ಒದ್ದೆ ಬಟ್ಟೆಯಲ್ಲಿ ತಾನೂ ಹಾಗೇ ಒರಸಿದ. ಮರಿ ಅವನ ತೊಡೆಯ ಮೇಲೇ ಉಪಕಾರ ತೀರಿಸಿತು. ಬೆಳಿಗ್ಗೆ ಬೂದಿ ಮುಚ್ಚಿದ ಕೆಂಡದ ಮಡಿಕೆ ಬುಟ್ಟಿಯ ಪಕ್ಕಕ್ಕೆ, ಬಿಸಿಲೇರಿದರೆ ಆಚೆಗೆ. ಮರಿಗಳ ಕಸವನ್ನು ಎಲೆಯಲ್ಲಿ ಸುತ್ತಿ, ಕಂಬಳಿಯಡಿ ಬಚ್ಚಿಟ್ಟುಕೊಂಡು ಹೊರಗೆ ಒಯ್ಯುವಾಗ ಎದುರು ಸಿಕ್ಕ ಬೋಜಪ್ಪ ಏನದು ಎಂದು ಕೇಳಿದ. ಬೆಣ್ಣೆ ಎಂದುಬಿಟ್ಟ. ಬೆಣ್ಣೆ ಎಂದ ಮೇಲೆ ಅಣ್ಣನಿಗೆ ಒಂದು ಉಂಡೆಯನ್ನಾದರೂ ಕೊಡಬೇಕಾದದ್ದು ರೀತಿ, ಕೊಡದೆ ಓಡಿದ. ಜಿಪುಣ ಎಂದು ಹಿಂದಿನಿಂದ ಕೇಳಿದಾಗ ಅವನಿಗೆ ಜೀವ ಬಂದಂತಾಯಿತು.

ಸದ್ದಿಗೂ ಒಂದು ಉಪಾಯ ಬೇಕಾಯಿತು. ಮರಿಗಳು ಕುಂಯ್‌ಗುಟ್ಟಿದ ಕೂಡಲೇ ಕಡೆಗೋಲು ಹಿಡಿದು ಗಡಗಡ ಕಡೆಯುವುದು, ಜೊತೆಗೆ ದೊಡ್ಡ ಸ್ವರದಲ್ಲಿ ಹಾಡುವುದು. ಜನ್ಮದಲ್ಲಿ ಹಾಡದವನು ಹಾಡತೊಡಗಿದ್ದನ್ನು ಕೇಳಿ, ಮೊಮ್ಮಗ ಹುಟ್ಟಿದ ಹಿಗ್ಗು ಎಂದು ಹಟ್ಟಿ ಮಾತಾಡಿಕೊಂಡಿತು. ಕಡೆಯುವುದಕ್ಕೆ ಮೊಸರು ಉಳಿಯದ ದಿನ ಬರಿ ಗಡಿಗೆಯನ್ನೇ ಕಡೆದ. ಇಷ್ಟು ಕಡೆಯುತ್ತೀರಿ, ಬೆಣ್ಣೆ ಎಲ್ಲಿ ಎಂದು ಲಿಂಗಿ ಹೊಸಿಲಾಚೆಯಿಂದ ಕೇಳಿದಳು. ಚಳಿಗೆ ಒಡೆಯುತ್ತಿಲ್ಲ ಎಂದ. ಚಳಿಗೆ ಎಂದು ಅವಳು ತಲೆಯಾಡಿಸಿದಳು. ಅವಳು ಅಷ್ಟು ಸಲೀಸಾಗಿ ಏನನ್ನೂ ಒಪ್ಪುವವಳಲ್ಲ. ಒಪ್ಪಿದ್ದು ಯಾಕೆ ಎಂದು ಅವನು ದಿನವೆಲ್ಲ ನವೆದ. ಮರಿಗಳಿಗೆ ಮೈತುಂಬ ಬಿಳಿ ಮಚ್ಚೆ, ಜೋಲು ಕಿವಿ. ಹೋದ ಮಳೆಗಾಲ ಕಳೆದ ಮೇಲೆ ಊಟಿಯ ದೊರೆಗಳ ಬೇಟೆನಾಯಿಗಳ ಹಿಂಡು ಇವರ ಆಲೂಗಡ್ಡೆ ಹೊಲ ತುಳಿದು ನಂಜನಾಡಿನ ಕಡೆ ಹೋದದ್ದು, ಅದರಲ್ಲೊಂದು ಹಿಂದುಳಿದು ಎರಡು ದಿನ ಜಗಲಿಯ ಬಳಿ ಸುಳಿದದ್ದು ಅವನಿಗೆ ನೆನಪಾಯಿತು. ಹಾಲುಮನೆಯಲ್ಲಿ ನಾಯಿ, ಅದೂ ದೊರೆಗಳ ಮಾಂಸ ತಿಂದ ನಾಯಿಯ ವಂಶ! ಬಾಗಿ ನೋಡಿದರೆ ಕೊರಳಿನ ಲಿಂಗದ ಕರಡಿಗೆ ತೂಗಿ ಬುಟ್ಟಿಯೊಳಗೆ ಇಳಿಯುತ್ತಿತ್ತು; ಬಡಕಲು ಮರಿ ಅದನ್ನೇ ಮೊಲೆಯೆಂದು ಚೀಪುತ್ತಿತ್ತು. ಮೊದಲ ದಿನ ಅವನು ಬೆಚ್ಚಿ ಕಿತ್ತುಕೊಂಡು, ಸ್ನಾನ ಮಾಡಿ, ತಪ್ಪು ಕಾಣಿಕೆ ಕಟ್ಟಿಟ್ಟ. ಎರಡನೆಯ ದಿನ ಸುಮ್ಮನೆ ಒರಸಿಕೊಂಡ. ಮೂರನೆಯ ದಿನ ಅದು ಚೀಪಿ ಮುಗಿಸುವವರೆಗೆ ಬಾಗಿಯೇ ಇದ್ದ.

ಮರಿಗಳು ಕಣ್ಣು ಬಿಟ್ಟವು. ಬಡಕಲಿನದು ಎಲ್ಲಕ್ಕಿಂತ ಕೊನೆಗೆ, ಅದೂ ಒಂದೇ ಕಣ್ಣು ಮೊದಲು. ಅದರಿಂದ ಅವನನ್ನು ನೋಡಿತು. ಅವತ್ತೇ ಅವನಿಗೆ ಆ ಯೋಚನೆ ಬಂದದ್ದು. ಸ್ವರ ಕೈಕೊಡುವುದು ಅಭ್ಯಾಸವಿಲ್ಲದೆ ತಾನೆ? ಬೆರಳನ್ನು ಹಾಲಿಗೆ ಅದ್ದಿ ಮರಿಯ ಬಾಯಿಗೆ ಮುಟ್ಟಿಸಿ, ಮಾದಪ್ಪ ಎಂದು ಪಿಸುಗುಟ್ಟಿದ. ಅಪ್ಪನ ಬಿಳಿ ಮೀಸೆ, ಅಪ್ಪನ ಬೆತ್ತ ಎರಡೂ ಕಣ್ಣಮುಂದೆ ಬಂದು ಬೆನ್ನು ತಾನಾಗಿ ಬಗ್ಗಿತು. ಆದರೆ ಸ್ವರ ಬಂದಿತ್ತು. ಮಾರನೆಯ ದಿನ ಇನ್ನೂ ಸ್ವಲ್ಪ ಗಟ್ಟಿಯಾಗಿ ಬಂತು. ಬೆಳಿಗ್ಗೆ ಕರೆದ ಮೇಲೆ ಮೂರು ಸಲ, ಸಂಜೆ ಕರೆದ ಮೇಲೆ ಮೂರು ಸಲ. ಕಾಲು ಬಲಿತ ಮರಿ ಹೆಸರು ಕೇಳಿದ ಕೂಡಲೇ ಬುಟ್ಟಿಯಿಂದ ದಬಕ್ಕನೆ ಉರುಳಿ, ಎಡವುತ್ತ ಬಂದು ಬೆರಳು ಹಿಡಿಯುತ್ತಿತ್ತು. ಸೂತಕ ಕಳೆಯುವ ತನಕ ಮುಟ್ಟಲಾಗದ ಮೊಮ್ಮಗ ಆಚೆ ಕೋಣೆಯಲ್ಲಿ ಒಂದು ಬಟ್ಟೆಯ ಗಂಟಾಗಿ ಮಾತ್ರ ಕಾಣುತ್ತಿದ್ದ. ಅವನ ಮುಖ ಹೇಗಿದೆಯೆಂದು ಯಾರಾದರೂ ಕೇಳಿದರೆ ಗುರುಸಿದ್ದಪ್ಪನಿಗೆ ಒಂದು ಒದ್ದೆ ಮೂಗೇ ನೆನಪಾಗುತ್ತಿತ್ತು. ಕರಿಯಮ್ಮನಿಗೆ ಮೊಲೆಹಾಲು ಸಾಲದು, ಗಂಜಿಗೆ ಇನ್ನೊಂದು ಸೌಟು ಹೊಯ್ಯಿರಿ ಎಂದು ಲಿಂಗಿ ಕೇಳಿದ ದಿನ ಅವನು ಹೊಣೆ ಹಿಡಿದು ಮಧ್ಯದಲ್ಲಿ ನಿಂತ. ಆಚೆ ಕೂಸು ಅಳುತ್ತಿತ್ತು, ಈಚೆ ಬಡಕಲು ಅಳುತ್ತಿತ್ತು. ಎಮ್ಮೆ ಒದೆಯಿತು ಎಂದ. ಅವತ್ತು ಅವನಿಗೆ ತನ್ನ ಮೇಲೆ ಅಸಹ್ಯ ಬಂತು. ಸೊಸೆಯ ಪಾಲಿನ ಹಾಲನ್ನು ನಾಯಿಗೆ ಕುಡಿಸಿದವನು ಯಾವ ಬಾಯಲ್ಲಿ ಅಪ್ಪನ ಹೆಸರು ಕೂಗಬೇಕು? ಸಂಜೆ ಕರೆದದ್ದನ್ನೆಲ್ಲ ಲಿಂಗಿಯ ಬೋಗುಣಿಗೆ ಸುರಿದು, ತಾನು ಮಜ್ಜಿಗೆಯಿಲ್ಲದ ಹಿಟ್ಟು ಉಂಡ.

ಹೆಸರಿಡುವ ದಿನಕ್ಕೆ ಮುಂಚಿನ ಬೆಳಗ್ಗೆ ಮರಿಗಳನ್ನು ಆಲೂಗಡ್ಡೆ ಕೊಟ್ಟಿಗೆಗೆ ಸಾಗಿಸುವ ಲೆಕ್ಕವಿತ್ತು. ನೆಂಟರು ಒಂದು ದಿನ ಮೊದಲೇ ಬಂದು, ಎಮ್ಮೆ ದೊಡ್ಡಿಯ ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತ ಕೂತುಬಿಟ್ಟರು. ಕೂತವರು ಏಳಲಿಲ್ಲ. ಸುಬ್ಬ ಕೂನೂರಿನಿಂದ ರೈಲು ಹಿಡಿದು ಬಂದ, ಹೊಸ ಕೋಟು ಹಾಕಿಕೊಂಡು. ಬೇರೆ ದಾರಿ ಕಾಣದೆ ಗುರುಸಿದ್ದಪ್ಪ ಹೆಸರಿಡುವ ದಿನ ಬೆಳಿಗ್ಗೆ ಮರಿಗಳಿಗೆ ಹೊಟ್ಟೆ ಬಿರಿಯುವಷ್ಟು ಹಾಲು ಕುಡಿಸಿ, ಕೆಂಚಿಯನ್ನೂ ಒಳಗೇ ಮಲಗಿಸಿ, ಬುಟ್ಟಿಯ ಮೇಲೆ ಮೊರ ಮುಚ್ಚಿ, ಮೊರದ ಮೇಲೆ ಕಲ್ಲಿಟ್ಟ. ತಿಂದ ಭಾರಕ್ಕೆ ನಿದ್ದೆ ಹೋದವು. ಅವನು ಬಾಗಿಲು ಎಳೆದು, ಹಾಲಿನ ಬಟ್ಟಲು ಹಿಡಿದು ಒಳಮನೆಗೆ ಬಂದಾಗ ಹಟ್ಟಿಯೆಲ್ಲ ಕೂತಿತ್ತು. ಎಲ್ಲರ ಮುಂದೆ ಬೋಜಪ್ಪ, ಗಂಟಲು ಸರಿಮಾಡಿಕೊಂಡು, ಬೇಕಾದರೆ ನಾನಿದ್ದೇನೆ ಎಂಬ ಮುಖದಲ್ಲಿ.

ಮಿಂದು ಮಡಿಯುಟ್ಟ ಕರಿಯಮ್ಮನ ಮಡಿಲಿನಲ್ಲಿ ಕೂಸು ಮಲಗಿತ್ತು. ಅವನು ಬೆರಳನ್ನು ಹಾಲಿಗೆ ಅದ್ದಿ ತುಟಿಗಿಟ್ಟ. ಕೂಸು ಬೆರಳನ್ನು ಹಿಡಿದು ಎಳೆಯಿತು. ಎಷ್ಟು ಜೋರಾಗಿ ಎಳೆಯಿತೆಂದರೆ ಅವನಿಗೆ ಅಲ್ಲಿ ಕೂತ ಮುಖಗಳೆಲ್ಲ ಮರೆತುಹೋದವು. ಮಾದಪ್ಪ ಎಂದ. ಸ್ವರ ಬಂತು. ಮಾದಪ್ಪ ಎಂದು ಇನ್ನೂ ಗಟ್ಟಿಯಾಗಿ ಕೂಗಿದ. ಇಪ್ಪತ್ತೈದು ವರ್ಷದ ಹಿಂದಿನ ಆ ನಗು ಕಿವಿಯಿಂದ ಎದ್ದು ಹೋದದ್ದು ಅವನಿಗೆ ತಿಳಿಯಿತು. ಮೂರನೆಯ ಸಲ ಅವನು ಎದೆ ತುಂಬಿಕೊಂಡು, ಊಟಿಗೇ ಕೇಳಲಿ ಎನ್ನುವಂತೆ, ಮಾದಪ್ಪಾ ಎಂದು ಕೂಗಿದ. ಹಾಲುಮನೆಯೊಳಗೆ ಕಲ್ಲು ಉರುಳಿತು. ಮೊರ ಬಿದ್ದ ಸದ್ದು ಕೇಳಿತು. ಸರಿಯಾಗಿ ಮುಚ್ಚದ ಬಾಗಿಲಿನ ಸಂದಿಯಲ್ಲಿ ಮೊದಲು ಒಂದು ಮೂಗು, ಆಮೇಲೆ ಒಂದು ಜೋಲು ಕಿವಿ, ಆಮೇಲೆ ಗಡ್ಡದಿಂದ ಎದೆಯ ತನಕ ಹಾಲು ಬಳಿದುಕೊಂಡ ಬಡಕಲು ಮರಿ ಬಂದು ನಿಂತಿತು. ಹೊಸಿಲು ಏರಿತು, ಆಚೆಗೆ ಮಗುಚಿ ಬಿತ್ತು, ಎದ್ದಿತು. ಕೂತ ಹಿರಿಯರ ಕಾಲುಗಳ ನಡುವೆ, ಯಾರನ್ನೂ ಲೆಕ್ಕಿಸದೆ, ನೇರವಾಗಿ ಗುರುಸಿದ್ದಪ್ಪನ ಹತ್ತಿರ ಬಂದು, ಹಾಲಿನ ಬೆರಳು ಯಾಕೆ ಮೇಲಿದೆಯೆಂದು ತಲೆಯೆತ್ತಿ ನೋಡಿತು.

ಬೋಜಪ್ಪ ಮರಿಯನ್ನು ನೋಡಿದ, ಹಾಲುಮನೆಯ ಬಾಗಿಲನ್ನು ನೋಡಿದ, ಮತ್ತೆ ಮರಿಯ ಬಿಳಿ ಗಡ್ಡವನ್ನು ನೋಡಿದ. ಇದು ಎಲ್ಲಿಂದ ಬಂತು ಎಂದು ಕೇಳಿದ. ಗುರುಸಿದ್ದಪ್ಪ ಬಾಯಿ ತೆರೆದ. ಗಡಿಗೆಗಳು ಒಡೆಯುವ ಸದ್ದು ಅವನಿಗೆ ಆಗಲೇ ಕೇಳಿಸುತ್ತಿತ್ತು. ಆಗ ಹೆಂಗಸರ ನಡುವಿನಿಂದ ಲಿಂಗಿ ಎದ್ದು ಬಂದಳು.

"ಆ ಕಳ್ಳಿ ಕೆಂಚಿಯ ಕೆಲಸ, ಭಾವ. ಕರಿಯಮ್ಮನ ಮಂಚದಡಿಯಲ್ಲಿ ಹೆತ್ತು ಬಿದ್ದಿತ್ತು, ಅವಳು ಹೆತ್ತ ದಿನವೇ. ಇಂದು ಜನ ಬಂದರು ಅಂತ ಹೆದರಿ ಬಾಯಲ್ಲಿ ಮರಿಗಳ ಕಚ್ಚಿಕೊಂಡು ದೊಡ್ಡಿ ಬಾಗಿಲಿಂದ ಅಲ್ಲಿಗೆ ಹೊತ್ತಿರಬೇಕು. ಎನ್ನ ತಪ್ಪು. ಹೇಳಬೇಕಿತ್ತು, ಹೇಳಲಿಲ್ಲೆ. ಒಂದು ಮರಿಗೆ ಉಸಿರಿರಲಿಲ್ಲೆ. ಎನ್ನ ಕೈಯಲ್ಲೇ ಉಜ್ಜಿ, ಬತ್ತಿಯಲ್ಲಿ ಹಾಲು ಕುಡಿಸಿ, ಹೊಟ್ಟೆ ಒರಸಿ ಬದುಕಿಸಿದೆ."

ಒಂದೊಂದು ಮಾತಿಗೂ ಗುರುಸಿದ್ದಪ್ಪನ ಕಿವಿ ಬಿಸಿಯಾಯಿತು. ಉಜ್ಜಿದ್ದು, ಬತ್ತಿ, ಹೊಟ್ಟೆ ಒರಸಿದ್ದು! ಇವಳು ಗೋಡೆಗೆ ಕಣ್ಣಿಟ್ಟಿದ್ದಳೋ? ಬೋಜಪ್ಪ ಮಾತ್ರ ಇನ್ನೂ ಮರಿಯನ್ನೇ ನೋಡುತ್ತಿದ್ದ. ಮಾದಪ್ಪ ಅಂದ ಕೂಡಲೇ ಬಂತಲ್ಲ ಎಂದ. ಲಿಂಗಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು.

"ಹಾಲಿನ ವಾಸನೆಗೆ ಬಂತು, ಭಾವ. ನಿಂಗ ಸುಬ್ಬಾ ಅಂತ ಕೂಗಿ ನೋಡಿ. ಅದಕ್ಕೂ ಬಂದೀತು."

ಮೊದಲು ನಕ್ಕವನು ಹೊಸ ಕೋಟಿನ ಸುಬ್ಬನೇ. ಆಮೇಲೆ ಹಟ್ಟಿಯೆಲ್ಲ ನಕ್ಕಿತು. ಬೋಜಪ್ಪ ಕೆಮ್ಮಿದ. ನಗದೆ ಇದ್ದವನು ಅವನೊಬ್ಬನೇ ಆದ್ದರಿಂದ ನ್ಯಾಯ ಹೇಳುವ ಕೆಲಸ ತಾನಾಗಿ ಅವನ ಪಾಲಿಗೆ ಬಂತು. ನಾಯಿ ಹಾಲುಮನೆಗೆ ಒಂದು ಗಳಿಗೆ ಹೊಕ್ಕದ್ದಕ್ಕೆ ಗಂಜಲ ಚಿಮುಕಿಸಿ ತೊಳೆದರೆ ಸಾಕು, ಗಡಿಗೆ ಒಡೆಯುವಂಥದಲ್ಲ. ಆದರೆ ಒಂದೇ ಕೋಣೆಯಲ್ಲಿ ಎರಡು ಹೆರಿಗೆ. ಕೂಸಿನ ಸೂತಕ ಕಳೆದರೂ ನಾಯಿಯ ಸೂತಕ ನಿಂತಿದೆ. ಆದ್ದರಿಂದ ಮುಂದಿನ ಅಮಾವಾಸ್ಯೆ ಕಳೆಯುವ ತನಕ ಅತ್ತೆ ಸೊಸೆ ಇಬ್ಬರೂ, ಕೂಸೂ, ನಾಯಿಯೂ ಆ ಕೋಣೆಯಲ್ಲೇ ಇರಬೇಕು. ಒಲೆ ಮುಟ್ಟಬಾರದು, ನೀರು ಮುಟ್ಟಬಾರದು, ಹೊಲಕ್ಕೆ ಇಳಿಯಬಾರದು. ಇಷ್ಟು ಕಠಿಣವಾದ ಶಿಕ್ಷೆಗೆ ಲಿಂಗಿ ತಲೆ ಬಗ್ಗಿಸಿ ಆತು ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ಇನ್ನೊಂದು ಸಲ ಕೂಗಿ, ಈ ಸಲ ಕೂಸು ಕೇಳಲಿ ಎಂದಳು. ಅವನು ಕೂಗಿದ. ಸ್ವರ ಒಡೆದು, ಅರ್ಧ ಅಳುವಿನಂತೆ ಬಂತು. ಆದರೂ ಅದು ಅಪ್ಪನ ಹೆಸರೇ ಆಗಿತ್ತು. ಮರಿ ಅವನ ಕಾಲ ಮೇಲೆ ಕೂತು ಆ ಕೂಗಿಗೂ ಬಾಲ ಅಲ್ಲಾಡಿಸಿತು.

ನೆಂಟರು ಹೋದರು, ಸುಬ್ಬ ಕೂನೂರಿಗೆ ಹೋದ. ಹಾಲುಮನೆಯಲ್ಲಿ ಗಂಜಲದ ವಾಸನೆ, ಖಾಲಿ ಬುಟ್ಟಿ. ಬೋಜಪ್ಪನ ಹೆಂಡತಿ ಅಡಿಗೆ ಮಾಡಿ ಕಳಿಸುತ್ತೇನೆಂದದ್ದಕ್ಕೆ, ಸೂತಕದ ಮನೆಯ ತಾಪತ್ರಯ ನಿಮಗೆ ಯಾಕಕ್ಕ, ನಮ್ಮವರಿದ್ದಾರೆ ಎಂದು ಲಿಂಗಿ ಕೋಣೆಯೊಳಗಿಂದಲೇ ಹೇಳಿಬಿಟ್ಟಿದ್ದಳು. ನಮ್ಮವರು ಒಲೆ ಊದಿದರು. ಹೊಗೆ ಕುಡಿದರು. ರಾಗಿ ಹಿಟ್ಟು ಮುದ್ದೆಯಾಗಲಿಲ್ಲ, ಗಂಜಿಯೂ ಆಗಲಿಲ್ಲ, ಎರಡರ ನಡುವೆ ಎಲ್ಲೋ ನಿಂತು ಕರಿಕಾಯಿತು. ಅದನ್ನು ಹೊತ್ತು ಕೋಣೆಯ ಹೊಸಿಲಿಗೆ ಬಂದರೆ ಒಳಗೆ ಹಾಲು ಮುಟ್ಟುವ ಕೈ ದಾಟುವಂತಿಲ್ಲ. ಅವನು ಈಚೆಯಿಂದ ನೀಡಬೇಕು, ಲಿಂಗಿ ಆಚೆಯಿಂದ ಪಾತ್ರೆ ಹಿಡಿಯಬೇಕು. ಮದುವೆಯಾದಂದಿನಿಂದ ಅವಳು ಹಗಲು ಹೊತ್ತು ಕಾಲು ಚಾಚಿ ಕೂತದ್ದನ್ನು ಅವನು ನೋಡಿರಲಿಲ್ಲ; ಈಗ ಗೋಡೆಗೊರಗಿ, ತೊಡೆಯ ಮೇಲೆ ಮೊಮ್ಮಗ, ಪಾದದ ಮೇಲೆ ಬಡಕಲು ಮರಿ, ಪಕ್ಕದಲ್ಲಿ ನಿದ್ದೆ ಹೋದ ಸೊಸೆ, ಅವಳು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು. ಒಂದು ತುತ್ತು ಬಾಯಿಗಿಟ್ಟು, ಉಪ್ಪು ಎಂದಳು. ಅವನು ಉಪ್ಪು ತಂದ. ನೀರು ಎಂದಳು. ನೀರು ತಂದ. ನಾಲ್ಕನೆಯ ದಿನ ಸಂಜೆ ಅವನಿಗೆ ತಡೆಯಲಾಗಲಿಲ್ಲ. ನಿನಗೆ ಯಾವಾಗ ಗೊತ್ತಾಯಿತು ಎಂದು ಹೊಸಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೇಳಿದ.

ಮೊದಲ ದಿನವೇ ಎಂದಳು. ತಮ್ಮ ಬಟ್ಟೆಯನ್ನೇ ಒಗೆಯದವರು ಹಾಲು ಸೋಸುವ ಬಟ್ಟೆ ಎತ್ತಿಕೊಂಡು ಹಿಮದಲ್ಲಿ ಹೊಳೆಗೆ ಓಡಿದರೆ ಯಾವ ಹೆಂಗಸಿಗೆ ಗೊತ್ತಾಗದು? ಮಿಕ್ಕದ್ದೆಲ್ಲ ಗೋಡೆಗೆ ಕಿವಿಗೊಟ್ಟು ಕೇಳಿದ್ದಳು. ಮರಿಗೆ ಮಾಡುವ ಒಂದೊಂದನ್ನೂ ಅವನು ಅದಕ್ಕೆ ಬಾಯಿಬಿಟ್ಟು ಹೇಳಿಕೊಂಡೇ ಮಾಡುತ್ತಿದ್ದನಂತೆ. ಎಮ್ಮೆ ಒದ್ದ ದಿನ ಕರಿಯಮ್ಮನ ಗಂಜಿಗೆ ಪಕ್ಕದ ಮನೆಯ ಹಾಲು ಬರುತ್ತಿತ್ತು, ಬೋಜಪ್ಪನ ಹೆಂಡತಿ ಸೆರಗಿನಲ್ಲಿ ಮರೆಮಾಡಿ ತರುತ್ತಿದ್ದಳು. ಹಟ್ಟಿಯ ಹೆಂಗಸರಿಗೆಲ್ಲ ಗೊತ್ತು. ಅವನಿಗೆ ನಾಚಿಕೆಯಾಯಿತು, ಸಮಾಧಾನವೂ ಆಯಿತು. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದ. ಲಿಂಗಿ ಮರಿಯ ಕಿವಿಯನ್ನು ಬೆರಳಲ್ಲಿ ಮಡಿಸಿದಳು, ಬಿಚ್ಚಿದಳು.

"ಸುಬ್ಬನ ನಿಂಗ ಎತ್ತಿದ್ದು ಅವ ನಡೆಯೋಕೆ ಬಂದ ಮೇಲೆ. ನಿಂಗ ಒಂದು ಕೂಸ ಸಾಕೋದ ಎನಗೆ ನೋಡಬೇಕಿತ್ತು."

ಅವನು ನೆಲ ನೋಡುತ್ತ ಕೂತ. ದೊಡ್ಡಿಯಲ್ಲಿ ಎಮ್ಮೆ ಕೂಗಿತು, ಕರೆಯುವ ಹೊತ್ತಾಗಿತ್ತು. ಅವನು ಎದ್ದ, ಎದ್ದವನ ಎದುರಿಗೆ ಲಿಂಗಿ ಕೂಸನ್ನು ಎತ್ತಿ ಹಿಡಿದಿದ್ದಳು. ಸೂತಕದ ಕೂಸನ್ನು ಮುಟ್ಟಿದರೆ ಈ ಚಳಿಯಲ್ಲಿ ತಣ್ಣೀರಲ್ಲಿ ಮುಳುಗಿ ಬಂದೇ ಹೊಣೆ ಮುಟ್ಟಬೇಕು. ಹಿಡಿಯಿರಿ ಎಂದಳು. ಅವನು ಹೊಸಿಲು ದಾಟಿ ಕೈ ಒಡ್ಡಿದ. ಕತ್ತು ನಿಲ್ಲದ ತಲೆಯ ಕೆಳಗೆ ಅಂಗೈ ತಾನಾಗಿ ಹೋಯಿತು, ಬೆನ್ನಿನ ಕೆಳಗೆ ಬೆರಳುಗಳು ತಾವಾಗಿ ಹರಡಿದವು. ಕೈಗೆ ಎಲ್ಲ ಗೊತ್ತಿತ್ತು. ಕೂಸಿನ ಮುಖ ಅವನು ಎಣಿಸಿದಂತೆ ಇರಲಿಲ್ಲ, ಅಪ್ಪನಂತೆಯೂ ಇರಲಿಲ್ಲ. ಬಾಗಿ ನೋಡಿದ. ಕರಡಿಗೆ ತೂಗಿ ಕೆಳಗಿಳಿಯಿತು. ಕೂಸು ಬಾಯಿ ತೆರೆದು ಅದನ್ನು ಹಿಡಿದುಕೊಂಡಿತು. ಗುರುಸಿದ್ದಪ್ಪ ಬಾಗಿದವನು ಬಾಗಿಯೇ ಇದ್ದ, ಉಸಿರನ್ನೂ ಮೆಲ್ಲಗೆ ಬಿಡುತ್ತ. ಎಮ್ಮೆ ಇನ್ನೊಂದು ಸಲ ಕೂಗಿತು, ಮತ್ತೊಂದು ಸಲ. ಪಕ್ಕದ ಅಂಗಳದಿಂದ ಬೋಜಪ್ಪನ ಸ್ವರ ಕೇಳಿತು: ಏನಪ್ಪ, ಕತ್ತಲಾಗುತ್ತ ಬಂತು, ಇನ್ನೂ ಯಾಕೆ ಕರೆದಿಲ್ಲ? ಗುರುಸಿದ್ದಪ್ಪ ಬೆಚ್ಚಿ ತಲೆಯೆತ್ತಲು ಹೋದ. ಲಿಂಗಿ ಅವನ ಹೆಗಲನ್ನು ಒತ್ತಿ ಹಿಡಿದು, ಕೂಸು ಬೆದರದಷ್ಟು ಮೆಲ್ಲಗೆ, ಆದರೆ ಪಕ್ಕದಂಗಳಕ್ಕೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು:

"ಎಮ್ಮೆ ಒದ್ದುಬಿಟ್ಟಿತು, ಭಾವ."